ಹನ್ನೊಂದು ಮೀಟರ್ ಕೆಳಗೆ ಹಿರಿ ಸೊಸೆ

ತನಗೆ ಹೊಟ್ಟೆಕಿಚ್ಚೇ ಇಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ನನಗಂತೂ ಇತ್ತು. ಚೆನ್ನಾಗಿಯೇ ಇತ್ತು, ಮೂರು ಹೊತ್ತೂ ಇತ್ತು. ಅದೂ ಯಾರ ಮೇಲೆ? ನನ್ನ ಮೈದುನನ ಹೆಂಡತಿಯ ಮೇಲೆ, ನಾನೇ ಕೈಹಿಡಿದು ಕೆಲಸಕ್ಕೆ ಸೇರಿಸಿದ ನನ್ನ ವಾರಗಿತ್ತಿಯ ಮೇಲೆ.

ನಾನು ಕೆಲಸ ಮಾಡುವುದು ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ. ಪಂಪ್ ಆಪರೇಟರು, ಹದಿಮೂರು ವರ್ಷವಾಯಿತು. ರಸ್ತೆಯಲ್ಲಿ ನಿಂತು ನೋಡಿದರೆ ಆ ಕಟ್ಟಡ ಮೂರು ಮಹಡಿಯ ಮನೆಗಿಂತ ಎತ್ತರ ಕಾಣುವುದಿಲ್ಲ. ಒಳಗೆ ಕಾಲಿಟ್ಟರೆ ಮಾತ್ರ ಯಾರಾದರೂ ಬಾಯಿ ಬಿಡಲೇಬೇಕು. ಬಾಗಿಲು ದಾಟಿದವರು ನಿಲ್ಲುವುದು ಸೀಟುಗಳ ನಡುಮಧ್ಯದಲ್ಲಿ. ಆಟದ ಅಂಕಣ ಇರುವುದು ಅವರ ಪಾದದಿಂದ ಹನ್ನೊಂದು ಮೀಟರ್ ಕೆಳಗೆ. ಅಷ್ಟು ಆಳ ತೋಡಿದ ಮೇಲೆ ಭೂಮಿಯೊಳಗಿನ ನೀರು ಸುಮ್ಮನಿರುತ್ತದೆಯೇ? ಒಂದು ಗಳಿಗೆಯೂ ಬಿಡುವಿಲ್ಲದೆ ಜಿನುಗುತ್ತದೆ, ಅಂಕಣದ ಅಡಿಯಲ್ಲಿ ಹಾಸಿರುವ ಕೊಳವೆಗಳಲ್ಲಿ ಹರಿದು ನನ್ನ ಕೋಣೆಯ ಸಂಪು ಅನ್ನುವ ತೊಟ್ಟಿಗೆ ಬಂದು ಬೀಳುತ್ತದೆ. ನನ್ನ ಎರಡು ಪಂಪು ಅದನ್ನು ಎತ್ತಿ ಮೇಲಿನ ರಸ್ತೆಯ ಚರಂಡಿಗೆ ಹಾಕುತ್ತವೆ. ಅವು ನಿಂತರೆ ಕಥೆ ಮುಗಿಯಿತು. ಮೊದಲು ಆಟಗಾರರು ನಡೆದುಬರುವ ಓಣಿ, ಆಮೇಲೆ ಮರದ ಅಂಕಣ, ಆಮೇಲೆ ಕೆಳಗಿನ ಸಾಲಿನ ಸೀಟು, ಎಲ್ಲ ನೀರುಪಾಲು.

ಇದು ಯಾರಿಗೆ ಗೊತ್ತು? ಆಟ ನೋಡಲು ಬಂದವರು ದೀಪ ನೋಡುತ್ತಾರೆ, ದೊಡ್ಡ ಪರದೆ ನೋಡುತ್ತಾರೆ, ತಮ್ಮ ಸೀಟಿನಲ್ಲಿ ಯಾರಾದರೂ ಕೂತಿದ್ದಾರೋ ಎಂದು ನೋಡುತ್ತಾರೆ. ಕೆಳಗೆ ಒಬ್ಬಳು ನೀರಿನ ಜೊತೆ ಜಗಳವಾಡುತ್ತಿದ್ದಾಳೆ ಅನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ. ನಮ್ಮ ಮನೆಯಲ್ಲೂ ಅಷ್ಟೇ. "ನಮ್ಮ ದೊಡ್ಡೋಳು ಅದೇನೋ ಮೋಟರು ಹಾಕೋ ಕೆಲಸ ಮಾಡ್ತಾಳೆ" ಎಂದು ನಮ್ಮತ್ತೆ ಪಕ್ಕದ ಮನೆಯವರಿಗೆ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಅದೇನೋ ಅಂತೆ! ನನಗೆ ಬೇಕಿದ್ದದ್ದು ಒಂದೇ. ಅತ್ತೆ ಒಂದೇ ಒಂದು ಸಲ ನನ್ನ ಪಂಪಿನ ಕೋಣೆಗೆ ಬಂದು, ನನ್ನ ಕೆಲಸವನ್ನು ಕಣ್ಣಾರೆ ನೋಡಿ, "ಪರವಾಗಿಲ್ವೇ ನೀನು" ಅನ್ನಬೇಕು. ಹದಿಮೂರು ವರ್ಷದಲ್ಲಿ ನಾನು ಆಸೆಪಟ್ಟದ್ದು ಅದೊಂದಕ್ಕೆ. ಬಾಯಿಬಿಟ್ಟು ಕೇಳಿರಲಿಲ್ಲ ಅನ್ನಿ. ಕೇಳಿ ಹೇಳಿಸಿಕೊಂಡ ಮಾತು ಯಾರಿಗೆ ಬೇಕು?

ಎರಡು ವರ್ಷದ ಹಿಂದೆ ಮೈದುನನ ಮದುವೆಯಾಗಿ ವಾರಗಿತ್ತಿ ಮನೆಗೆ ಬಂದಳು. ಒಳ್ಳೆಯ ಹುಡುಗಿಯೇ. ನಗುಮುಖ, ಚುರುಕು ಕೈ, ಅರಳು ಹುರಿದ ಹಾಗೆ ಮಾತು. ಮನೆಯಲ್ಲಿ ಕೂತು ಬೇಜಾರು ಅಂದಾಗ ನಾನೇ ಮ್ಯಾನೇಜರಿಗೆ ಹೇಳಿ, ಕ್ರೀಡಾಂಗಣ ನೋಡಲು ಬರುವವರಿಗೆ ಸುತ್ತಾಡಿಸಿ ತೋರಿಸುವ ಗೈಡ್ ಕೆಲಸಕ್ಕೆ ಅವಳನ್ನು ಕರೆಸಿದೆ. ಮರುದಿನ ಇಂಟರ್‌ವ್ಯೂ. ಸಂಜೆ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು.

"ಅಕ್ಕಾ, ಅಂಕಣ ಯಾಕೆ ಅಷ್ಟು ಕೆಳಗಿದೆ ಅಂತ ಕೇಳಿದ್ರೆ ಏನ್ ಹೇಳ್ಲಿ? ಮೇಲೇ ಕಟ್ಟಬಹುದಿತ್ತಲ್ವಾ?"

ನನ್ನ ಮುಂದೆ ಹಿಟ್ಟಿನ ಪಾತ್ರೆ ಇತ್ತು, ಪಕ್ಕದಲ್ಲಿ ನೀಲಿ ಬಣ್ಣದ ಬಟ್ಟಲು ಇತ್ತು. ಬಟ್ಟಲನ್ನು ಮೊದಲು ಕಟ್ಟೆಯ ಮೇಲಿಟ್ಟೆ.

"ಹೀಗಿಟ್ರೆ ಅದರ ಗೋಡೆ ಪೂರ್ತಿ ನಾವೇ ಹೊರಬೇಕು. ಕಂಬ, ಕಬ್ಬಿಣ, ಕಾಂಕ್ರೀಟು, ತಲೆನೋವು." ಆಮೇಲೆ ಅದನ್ನು ಹಿಟ್ಟಿನಲ್ಲಿ ಅರ್ಧ ಹೂತೆ. "ಹೀಗಿಟ್ರೆ? ಕೆಳಗಿನ ಅರ್ಧನ ಭೂಮಿನೇ ಹಿಡ್ಕೊಳತ್ತೆ. ಕೆಳಗಿನ ಸೀಟೆಲ್ಲ ಮಣ್ಣಿನ ಇಳಿಜಾರಿನ ಮೇಲೇ ಆರಾಮಾಗಿ ಕೂತಿರತ್ತೆ."

"ಅಷ್ಟಕ್ಕೇನಾ?"

"ತಾಳೇ. ಜನ ಒಳಗೆ ಬರೋದು ಬಟ್ಟಲಿನ ನಡುವಿಗೆ ಅಲ್ವಾ? ಹನ್ನೆರಡು ಸಾವಿರ ಜನ. ಅರ್ಧ ಜನ ಇಳೀತಾರೆ, ಅರ್ಧ ಜನ ಹತ್ತುತಾರೆ. ಯಾರೂ ಪೂರ್ತಿ ಹತ್ತಬೇಕಾಗಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಖಾಲಿ ಮಾಡೋದೂ ಸಲೀಸು. ಪೂರ್ತಿ ಮೇಲೇ ಕಟ್ಟಿದ್ರೆ ಎದುರು ಬೀದಿಯವರಿಗೆ ಬಿಸಿಲೇ ಬೀಳ್ತಿರ್ಲಿಲ್ಲ, ದಿನಾ ಬಂದು ಜಗಳ ತೆಗೀತಿದ್ರು. ಆಟಗಾರರ ಬಸ್ಸು, ಸಾಮಾನಿನ ಲಾರಿ ಇಳಿಜಾರಲ್ಲಿ ಸೀದಾ ಅಂಕಣದ ಹತ್ರಾನೇ ಹೋಗತ್ತೆ, ಜನರ ಕಾಲಿಗೆ ಸಿಗಲ್ಲ. ಮಣ್ಣೊಳಗಿದ್ರೆ ಸೆಖೆನೂ ಕಮ್ಮಿ, ಚಳಿನೂ ಕಮ್ಮಿ."

"ಮತ್ತೆ ಎಲ್ಲಾ ಕಟ್ಟಡನೂ ಹೀಗೇ ಯಾಕೆ ಕಟ್ಟಲ್ಲ?"

"ನೀರು," ಅಂದೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಭವೂ ಬಂದಿರಬೇಕು. "ಭೂಮಿ ಬಿಟ್ಟಿ ಕೆಲಸ ಮಾಡಲ್ಲ. ಹಿಡ್ಕೊಂಡಿದ್ದಕ್ಕೆ ನೀರು ಬಿಡತ್ತೆ. ಅದನ್ನ ನೋಡ್ಕೊಳೋಕೆ ನನ್ನಂಥೋಳು ಒಬ್ಬಳು ಕೆಳಗೆ ಕೂತಿರ್ಲೇಬೇಕು."

ಕೆಲಸ ಸಿಕ್ಕಿತು. ಒಂದು ತಿಂಗಳಾದ ಮೇಲೆ, ಹೇಗೆ ಮಾಡುತ್ತಾಳೋ ನೋಡೋಣ ಎಂದು ಊಟದ ಬಿಡುವಿನಲ್ಲಿ ಮೇಲೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಕಾಲಿನವರೆಗೆ ಇಳಿಬಿದ್ದ ಕೆಂಪು ಕೋಟು, ಕಿವಿಗೆ ಸಿಕ್ಕಿಸಿದ ಮೈಕು, ಸುತ್ತ ಮೂವತ್ತು ಜನ. ಅವಳ ಕೈಯಲ್ಲಿ ಏನಿತ್ತು ಹೇಳಿ? ನಮ್ಮ ಅಡುಗೆಮನೆಯ ನೀಲಿ ಬಟ್ಟಲು! ನಾನು ಎರಡು ವಾರದಿಂದ ಹುಡುಕುತ್ತಿದ್ದೆ. ಒಂದು ಡಬ್ಬಿಯ ಮರಳಿನಲ್ಲಿ ಅದನ್ನು ಒತ್ತಿ, ಕಣ್ಣರಳಿಸಿ, "ಅರ್ಧ ಜನ ಇಳೀತಾರೆ, ಅರ್ಧ ಜನ ಹತ್ತುತಾರೆ, ಯಾರೂ ಪೂರ್ತಿ ಹತ್ತಬೇಕಾಗಿಲ್ಲ!" ಅಂದಳು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಎದುರು ಬೀದಿಯವರ ಜಗಳವನ್ನಂತೂ ಉಪ್ಪುಖಾರ ಹಚ್ಚಿ ನಟನೆ ಮಾಡಿಯೇ ತೋರಿಸಿದಳು. ನನ್ನ ಮಾತು ಒಂದೂ ಬಿಟ್ಟಿರಲಿಲ್ಲ. ಬಿಟ್ಟದ್ದು ಕೊನೆಯದೊಂದೇ. ನೀರೂ ಇಲ್ಲ, ನಾನೂ ಇಲ್ಲ.

ಮನೆಯಲ್ಲಿ ಕೇಳಿದ್ದಕ್ಕೆ, "ಅಯ್ಯೋ ಅಕ್ಕಾ, ಮಾತಿಗೆ ಇಪ್ಪತ್ತೇ ನಿಮಿಷ ಕೊಡೋದು. ನೀರಿನ ವಿಷಯ ತೆಗೆದ್ರೆ ಜನ ಹೆದರ್ಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತಾರೆ," ಅಂದಳು. ಸುಳ್ಳಲ್ಲ. ಆದರೆ ನನ್ನ ಮೈ ಉರಿದುಹೋಯಿತು. ಅವತ್ತಿನಿಂದ ಮನಸ್ಸಿನೊಳಗೆ ಅವಳಿಗೆ ಗಿಳಿ ಎಂದು ಹೆಸರಿಟ್ಟೆ.

ದಿನಾ ಸಂಜೆ ಗಿಳಿ ಕೆಲಸದಿಂದ ಬಂದು ಅವತ್ತಿನ ಸುದ್ದಿ ಹೇಳುತ್ತಿದ್ದಳು. ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಬಾಯಿ ತುಂಬ ನಗುತ್ತಿದ್ದರು. "ನಮ್ಮ ಚಿಕ್ಕೋಳು ಬಾಯಿ ತೆರೆದ್ರೆ ಕಲ್ಲೂ ಕರಗತ್ತೆ." ನಾನು ಕಲ್ಲಿಗಿಂತ ಗಟ್ಟಿ ಅಂತ ಕಾಣುತ್ತದೆ, ಕರಗಲಿಲ್ಲ. ನನ್ನ ಕಡೆ ತಿರುಗಿ "ನಿನ್ನದೇನೇ?" ಅಂತ ಕೇಳಿದರೆ ನಾನು ಏನು ಹೇಳಲಿ? "ನೀರು ಬಂತು, ಎತ್ತಿ ಹಾಕಿದೆ." ಹದಿಮೂರು ವರ್ಷದಿಂದ ನನ್ನ ಸುದ್ದಿ ಅಷ್ಟೇ. ಏನೂ ಆಗದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸ. ಏನೂ ಆಗಲಿಲ್ಲ ಅನ್ನುವುದನ್ನು ಎಷ್ಟು ಚೆನ್ನಾಗಿ ಹೇಳಿದರೂ ಯಾರು ನಗುತ್ತಾರೆ?

"ನಿನಗ್ಯಾಕೆ ಇಷ್ಟು ಹೊಟ್ಟೆ ಉರಿ?" ಅಂದರು ನಮ್ಮವರು ಒಂದು ದಿನ. ಗೋಡೆಗೆ ಬಣ್ಣ ಹೊಡೆಯುವ ಮನುಷ್ಯ, ನನ್ನ ಮುಖದ ಬಣ್ಣ ಬದಲಾದದ್ದೂ ಬೇಗ ಗೊತ್ತಾಗುತ್ತದೆ.

"ಹೊಟ್ಟೆ ಉರಿ ಅಲ್ಲ ರೀ. ನ್ಯಾಯ."

"ನ್ಯಾಯಕ್ಕೆ ಇಷ್ಟು ಹೊಗೆ ಬರಲ್ಲ ಕಣೇ," ಅಂದು ಮಗ್ಗುಲಾದರು.

ಹೀಗಿರುವಾಗ ಒಂದು ಗುರುವಾರ ಗಿಳಿ ಊಟಕ್ಕೆ ಕೂತವಳು, "ಅತ್ತೆ, ಭಾನುವಾರ ಹನ್ನೊಂದು ಗಂಟೆ ಟೂರಿಗೆ ನೀವೂ ಬನ್ನಿ. ಮ್ಯಾನೇಜರ್ ಒಪ್ಪಿದಾರೆ," ಅಂದಳು. ಅತ್ತೆಯ ಮುಖ ಅರಳಿತು. ತಡೆಯಲಾರದೆ ಕೇಳಿಯೇಬಿಟ್ಟೆ, "ಪಂಪಿನ ಕೋಣೆಗೂ ಕರ್ಕೊಂಡ್ ಬರ್ತೀಯಾ?"

"ಅಲ್ಲಿಗೆ ಜನರನ್ನ ಬಿಡಲ್ವಲ್ಲ ಅಕ್ಕಾ? ನೆಲ ಜಾರತ್ತೆ ಅಂತ ನೀವೇ ಬೋರ್ಡ್ ಹಾಕ್ಸಿದ್ದು."

ಅದೂ ನಿಜವೇ. ಅತ್ತೆ ಏನಾದರೂ ಹೇಳುತ್ತಾರೋ ಎಂದು ನೋಡಿದೆ. ಅವರು ನೀರು ಕುಡಿದು, "ಷೂ ಹಾಕ್ಕೋಬೇಕೇನೇ?" ಎಂದು ಗಿಳಿಯನ್ನು ಕೇಳಿದರು. ಸರಿ ಬಿಡು, ಇವರಿಗೂ ಬೇಕಿಲ್ಲ ಅಂದುಕೊಂಡೆ. ಆ ಗಳಿಗೆಯಲ್ಲೇ ನನ್ನ ತಲೆಯೊಳಗೆ ಆ ಯೋಚನೆ ಬಂತು.

ನಮ್ಮಲ್ಲಿ ನಿಲುಗಡೆ ಪರೀಕ್ಷೆ ಅಂತ ಒಂದಿದೆ. ವಾರಕ್ಕೊಂದು ಸಲ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಎರಡೂ ಪಂಪು ನಿಲ್ಲಿಸಿ ನೀರು ಎಷ್ಟು ಬೇಗ ಏರುತ್ತದೆ ಎಂದು ಅಳೆಯಬೇಕು. ಸಂಪಿನ ಗೋಡೆಯ ಮೇಲೆ ಒಂದು ಬಿಳಿ ಗೆರೆ, ಅದರ ಮೇಲೆ ಒಂದು ಕೆಂಪು ಗೆರೆ. ಬಿಳಿಯಿಂದ ಕೆಂಪಿಗೆ ಎಷ್ಟು ನಿಮಿಷ ಅಂತ ಗಡಿಯಾರ ನೋಡಿ ಬರೆದುಕೊಂಡು, ಕೆಂಪು ಮುಟ್ಟಿದ ಕೂಡಲೇ ಹಸಿರು ಗುಂಡಿ ಒತ್ತಬೇಕು. ಪಂಪು ತಾನಾಗಿ ಚಾಲೂ ಆಗುವುದನ್ನೂ, ಅಪಾಯದ ಗಂಟೆ ಹೊಡೆಯುವುದನ್ನೂ ಪರೀಕ್ಷೆಯ ಹೊತ್ತಿನಲ್ಲಿ ಬಂದ್ ಮಾಡಿರುತ್ತೇವೆ. ಆದ್ದರಿಂದ ಪರೀಕ್ಷೆ ಮಾಡುವವರು ಸ್ಟೂಲು ಬಿಟ್ಟು ಏಳಬಾರದು. ಆಗ ಕ್ರೀಡಾಂಗಣಕ್ಕೆ ಇರುವ ಕಾವಲು ಅವರೊಬ್ಬರೇ. ಕೆಂಪು ಗೆರೆಯ ಮೇಲೆ ಒಂದು ಗೇಣಿಗೆ ಓಣಿಯ ಚರಂಡಿ ಬಂದು ಸೇರುವ ತೂತಿದೆ. ನೀರು ಅದನ್ನು ಮುಟ್ಟಿದರೆ ಹಿಂದಕ್ಕೆ ನುಗ್ಗಿ ಓಣಿಯ ತುಂಬ ಉಕ್ಕುತ್ತದೆ. ಓಣಿಗಿಂತ ಎರಡು ಮೆಟ್ಟಿಲು ಎತ್ತರದ ನನ್ನ ಕೋಣೆಗೆ ಮಾತ್ರ ಬರುವುದಿಲ್ಲ.

ನನ್ನ ಲೆಕ್ಕ ಹೀಗಿತ್ತು. ಟೂರಿನವರು ಮೇಲೆಲ್ಲ ಸುತ್ತಿ, ಓಣಿಗೆ ಇಳಿಯುವುದು ಹನ್ನೊಂದೂ ನಲವತ್ತಕ್ಕೆ. ಹೋದ ಭಾನುವಾರ ಬಿಳಿಯಿಂದ ಕೆಂಪಿಗೆ ಇಪ್ಪತ್ತು ನಿಮಿಷ ಹಿಡಿದಿತ್ತು, ಅಲ್ಲಿಂದ ತೂತಿಗೆ ಇನ್ನೊಂದು ಹತ್ತು ಅಂತಿಟ್ಟುಕೊಳ್ಳಿ. ಒಂಬತ್ತರ ಪರೀಕ್ಷೆಯನ್ನು ಮುಂದೂಡಿ ಹನ್ನೊಂದೂ ಹತ್ತಕ್ಕೆ ಶುರುಮಾಡಿದರೆ ಅವರು ಇಳಿದು ನಡೆದುಬರುವ ಹೊತ್ತಿಗೆ ಓಣಿಯಲ್ಲಿ ಒಂದು ಬೆರಳಷ್ಟು ನೀರು. ಷೂ ಒದ್ದೆಯಾಗುತ್ತದೆ, ಜನ ಕೂಗುತ್ತಾರೆ, ಗಿಳಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಯಾರೋ ನನ್ನನ್ನು ಹುಡುಕಿಕೊಂಡು ಓಡಿಬರುತ್ತಾರೆ. ನಾನು ಗುಂಡಿ ಒತ್ತಿ ಹೊರಗೆ ಬರುತ್ತೇನೆ, ಎಲ್ಲರ ಎದುರು ನೀರು ಇಳಿಯುತ್ತದೆ. ನಾನಿಲ್ಲದಿದ್ದರೆ ಏನಾಗುತ್ತದೆ ಅಂತ ಅತ್ತೆ ಆಗ ನೋಡುತ್ತಾರೆ. ಮೂರು ದಿನ ಇದನ್ನೇ ಮನಸ್ಸಿನಲ್ಲಿ ಆಡಿಸಿಕೊಂಡು ಖುಷಿಪಟ್ಟೆ.

ಆ ಮೂರು ದಿನವೂ ಬಿಡದೆ ಮಳೆ ಹೊಯ್ದಿತ್ತು. ಮಳೆ ಬಂದ ವಾರ ಹಿಂದಿನ ವಾರದ ಲೆಕ್ಕ ನಂಬಬೇಡ ಅಂತ ಹೊಸಬರಿಗೆ ಹೇಳಿಕೊಡುವವಳೇ ನಾನು. ಕೊಡೆ ಹಿಡಿದುಕೊಂಡು ಕೆಲಸಕ್ಕೆ ಹೋದವಳು, ಒದ್ದೆ ಕೊಡೆಯನ್ನು ಸಂಪಿನ ಪಕ್ಕದಲ್ಲೇ ಒರಗಿಸಿಟ್ಟವಳು, ಅದೇ ಹಳೆಯ ಇಪ್ಪತ್ತು ನಿಮಿಷ ನೆಚ್ಚಿಕೊಂಡು ಕೂತೆ. ಇಂಥ ತಪ್ಪು ಹದಿಮೂರು ವರ್ಷದಲ್ಲಿ ಮಾಡಿರಲಿಲ್ಲ.

ಹನ್ನೊಂದೂ ಹತ್ತಕ್ಕೆ ಎರಡೂ ಪಂಪು ನಿಲ್ಲಿಸಿದೆ. ಹನ್ನೊಂದೇ ನಿಮಿಷಕ್ಕೆ ನೀರು ಕೆಂಪು ಗೆರೆ ಮುಟ್ಟಿತು. ಕೈ ತಾನಾಗಿಯೇ ಹಸಿರು ಗುಂಡಿಯ ಹತ್ತಿರ ಹೋಯಿತು. ಆಗಲೇ ಗಾಳಿಯ ಕೊಳವೆಯೊಳಗಿನಿಂದ ಮೇಲಿನ ಮೈಕಿನ ದನಿ ಇಳಿದು ಬಂತು. "ಅರ್ಧ ಜನ ಇಳೀತಾರೆ, ಅರ್ಧ ಜನ ಹತ್ತುತಾರೆ..." ಹಿಂದೆಯೇ ನಗು. ಆ ನಗುವಿನಲ್ಲಿ ಅತ್ತೆಯ ನಗುವೂ ಕೇಳಿಸಿದ ಹಾಗಾಯಿತು. ಕೈ ಹಿಂದಕ್ಕೆ ತೆಗೆದುಕೊಂಡೆ.

ಇನ್ನೈದು ನಿಮಿಷಕ್ಕೆ ನೀರು ತೂತಿಗೆ ನುಗ್ಗಿತು. ಒಂದು ಬೆರಳಲ್ಲ, ಇನ್ನು ಕಾಲು ಗಂಟೆ ಹೀಗೇ ಬಿಟ್ಟರೆ ಪಾದ ಮುಳುಗುವಷ್ಟು ಆಗುತ್ತದೆ ಅಂತ ನನಗೆ ಗೊತ್ತಿತ್ತು. ಓಣಿಯ ಆಚೆ ತುದಿಯಲ್ಲೇ ಮರದ ಅಂಕಣ. ಆ ಹಲಗೆ ಒಂದು ಸಲ ನೀರು ಕುಡಿದು ಉಬ್ಬಿದರೆ ತಿಂಗಳುಗಟ್ಟಲೆ ಆಟವಿಲ್ಲ. ಉಬ್ಬಲಿ ಅಂದುಕೊಂಡೆ. ಅಂದುಕೊಂಡದ್ದು ನಿಜ, ಈಗ ಯಾಕೆ ಸುಳ್ಳು ಹೇಳಲಿ? ಸ್ಟೂಲಿನ ಮೇಲೆ ಕೈಕಟ್ಟಿ ಕೂತು, ಗಡಿಯಾರ ನೋಡುತ್ತ, ಗಿಳಿಯ ಕೆಂಪು ಕೋಟಿನ ಅಂಚು ನೀರಲ್ಲಿ ತೋಯುವುದನ್ನು ನೆನೆದು ನಗುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತಣ್ಣಗಾಗಿತ್ತು.

ಹನ್ನೊಂದೂ ಮೂವತ್ತೆಂಟು. ಬಾಗಿಲು ತೆರೆಯಿತು.

ಅತ್ತೆ! ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಬಿಚ್ಚಿದ ಷೂ. ಕಾಲುಚೀಲ ತೊಯ್ದು ತೊಪ್ಪೆಯಾಗಿ ಜಾರಿಹೋಗಿತ್ತು. ಏದುಸಿರು ಬಿಡುತ್ತಿದ್ದರೂ ಮುಖದ ತುಂಬ ನಗು.

"ಸಿಕ್ಕಿದ್ಯಲ್ಲ ಸದ್ಯ! ಆ ಸೀಟುಗಳನ್ನ ಎಷ್ಟು ಅಂತ ನೋಡೋದೇ? ನನ್ನ ದೊಡ್ಡೋಳು ಕೂತ್ಕೊಳೋ ಜಾಗ ತೋರ್ಸಿ ಅಂದೆ. ಆ ಸಾಮಾನಿನ ಲಿಫ್ಟಿನೋನು ಪುಣ್ಯಾತ್ಮ, ಇಳಿಸ್ಕೊಟ್ಟ. ಗುರುವಾರದಿಂದ ಅಂದ್ಕೋತಾನೇ ಇದ್ದೆ, ಹೇಳಿದ್ರೆ ಜಾರತ್ತೆ ಗೀರತ್ತೆ ಅಂತ ನೀವಿಬ್ರೂ ತಡೀತೀರಾ ಅಂತ ಬಾಯಿ ಬಿಡ್ಲಿಲ್ಲ." ಆಮೇಲೆ ನನ್ನ ಮುಖ ನೋಡಿ, ಸಂಪಿನ ಕಡೆ ನೋಡಿ, "ಅಲ್ಲ ಕಣೇ, ಓಣಿ ತುಂಬ ನೀರಿದೆಯಲ್ಲೇ! ಗೋಡೆ ಹಿಡ್ಕೊಂಡು ಬಂದೆ. ಏನಾಯ್ತೇ, ಕೆಟ್ಟೋಯ್ತಾ?"

ನಾನು ಎದ್ದ ರಭಸಕ್ಕೆ ಸ್ಟೂಲು ಉರುಳಿಬಿತ್ತು. ಹಸಿರು ಗುಂಡಿ ಒತ್ತಿದೆ. ಎರಡೂ ಪಂಪು ಒಂದೇ ಏಟಿಗೆ ಗುಡುಗಿದವು. ಸಂಪಿನ ನೀರು ಸುಳಿಸುಳಿಯಾಗಿ ಇಳಿಯತೊಡಗಿತು.

ಅತ್ತೆ ಪಂಪನ್ನು ನೋಡಿದರು. ಗುಂಡಿಯನ್ನು ನೋಡಿದರು. ಬಿದ್ದ ಸ್ಟೂಲನ್ನೂ ನೋಡಿದರು.

"ಕೆಟ್ಟಿರ್ಲಿಲ್ವಾ?"

ಪರೀಕ್ಷೆ ಅತ್ತೆ, ವಾರವಾರ ಮಾಡುತ್ತೇವೆ ಅತ್ತೆ ಎಂದು ಹೇಳಬಹುದಿತ್ತು. ಅರ್ಧ ಸತ್ಯವೂ ಆಗುತ್ತಿತ್ತು. ಅವರ ಒದ್ದೆ ಕಾಲು ನೋಡಿ ಆ ಮಾತು ಬೇಡ ಅನಿಸಿತು. ಮಂಡಿ ಸರಿಯಿಲ್ಲದ ಹೆಂಗಸು ಆ ನೀರಿನಲ್ಲಿ ಜಾರಿ ಬಿದ್ದಿದ್ದರೆ?

"ಬಾಗಿಲು ತೆಗೆದಾಗ ನೀನು ನಗ್ತಿದ್ದೆ," ಅಂದರು ಅತ್ತೆ, ಮೆಲ್ಲಗೆ.

ಅಷ್ಟರಲ್ಲಿ ಓಣಿಯ ಆ ತುದಿಯಿಂದ ಮೈಕಿನ ದನಿ ಕೇಳಿಸಿತು. ಗಿಳಿ ಬಾಯಿ ಬಿಟ್ಟುಕೊಂಡು ನಿಂತಿರಲಿಲ್ಲ. "ಯಾರೂ ಹೆದರ್ಕೋಬೇಡಿ, ಮೆಟ್ಟಿಲ ಮೇಲೇ ನಿಂತ್ಕೊಳ್ಳಿ. ನೋಡಿ, ಇದೇ ಭೂಮಿಯೊಳಗಿನ ನೀರು. ಇಷ್ಟು ಕೆಳಗೆ ಕಟ್ಟಿದ್ದಕ್ಕೆ ಭೂಮಿ ಕೇಳೋದು ಇದನ್ನೇ. ಸದ್ದು ಕೇಳಿಸ್ತಾ? ಅದು ಪಂಪು. ಅಲ್ಲಿ ನಮ್ಮಕ್ಕ ಇದಾರೆ. ಹದಿಮೂರು ವರ್ಷದಿಂದ ಈ ನೀರನ್ನ ಒಬ್ಬರೇ ತಡೆದು ನಿಲ್ಸಿದಾರೆ. ಬಟ್ಟಲಿನ ಕಥೆ ಹೇಳ್ಕೊಟ್ಟಿದ್ದೂ ಅವರೇ, ನಾನಲ್ಲ. ನೋಡಿ, ನೋಡಿ, ಇಳೀತಾ ಇದೆ! ನಮ್ಮಕ್ಕನಿಗೆ ಒಂದು ಚಪ್ಪಾಳೆ!"

ಮೂವತ್ತು ಜನರ ಚಪ್ಪಾಳೆ ಓಣಿಯಲ್ಲಿ ಮೊಳಗಿತು. ನನಗೆ. ನನ್ನ ಜೀವಮಾನದಲ್ಲಿ ಮೊದಲ ಸಲ. ಆ ಹೊತ್ತಿನಲ್ಲೂ ನನಗೆ ಏನು ಅನಿಸಿತು ಗೊತ್ತೇ? ನನ್ನ ಹೊಗಳಿಕೆ ಕೂಡ ಇವಳ ಬಾಯಿಂದಲೇ ಬರಬೇಕಾಯಿತಲ್ಲ ಅನಿಸಿತು. ಥೂ, ನನ್ನ ಜನ್ಮಕ್ಕೆ.

ಅತ್ತೆ ಕಿವಿಗೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಬಿದ್ದ ಸ್ಟೂಲನ್ನು ಊರುಗೋಲಿನಿಂದ ಎಳೆದು ನಿಲ್ಲಿಸಿ ಅದರ ಮೇಲೆ ಕೂತರು. ನನ್ನ ಕಡೆ ನೋಡಲಿಲ್ಲ.

ಪಚಪಚ ಹೆಜ್ಜೆ ಹಾಕುತ್ತ ಗಿಳಿ ಓಡಿಬಂದಳು. ಕೋಟಿನ ಅಂಚೆಲ್ಲ ಒದ್ದೆ. "ಅಕ್ಕಾ, ಅಂಕಣ ಉಳೀತು! ಇನ್ನು ನಾಲ್ಕು ಬೆರಳು ಇತ್ತು ಅಷ್ಟೇ. ನೀವಿಲ್ಲದಿದ್ರೆ ಇವತ್ತು ಏನ್ ಗತಿ?" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಪಾಪ, ಹೆದರಿದ್ದಳು. ನಾನು ಮರದ ಹಾಗೆ ನಿಂತಿದ್ದೆ. ಆಮೇಲೆ ಅವಳ ಕಣ್ಣು ಸ್ಟೂಲಿನ ಮೇಲೆ ಬಿತ್ತು. "ಅತ್ತೆ! ನೀವು ಇಲ್ಲಿದೀರಾ? ನಾನು ಮೇಲೆಲ್ಲ ಹುಡುಕಿಸ್ತಿದೀನಿ! ಒಳ್ಳೇದಾಯ್ತು ಬಿಡಿ. ಅಕ್ಕನ ಕೆಲಸ ನೋಡಿದ್ರಾ?"

"ನೋಡಿದೆ," ಅಂದರು ಅತ್ತೆ.

ಇನ್ನೊಂದು ಮಾತು ಬರುತ್ತದೋ ಎಂದು ನಾನು ಕಾದೆ. ಅವರು ಬಗ್ಗಿ ಕಾಲುಚೀಲ ಎಳೆದು ತೆಗೆದು, ಸಂಪಿನೊಳಕ್ಕೆ ನೀರು ಹಿಂಡಿದರು.